ಹೊತ್ತು ಯಾರ ಕೈಯಲ್ಲಿತ್ತು

ಸಭೆ ಒಂದು ಗಂಟೆ ತಡವಾಗಿ ಶುರುವಾದರೆ, ಆರತಕ್ಷತೆಗೆ ಕರೆಯೋಲೆಯಲ್ಲಿ ಅಚ್ಚಾದ ಹೊತ್ತಿಗೆ ಹೋದವರಿಗೆ ಖಾಲಿ ಕುರ್ಚಿಗಳು ಎದುರಾದರೆ, ಕಚೇರಿಯಲ್ಲಿ ಸಾಹೇಬರು ಇನ್ನೂ ಬಂದಿಲ್ಲವೆಂದು ತಿಳಿದರೆ ಬಾಯಿಗೆ ಬರುವ ಮಾತು ಒಂದೇ: ನಮ್ಮ ಜನಕ್ಕೆ ಟೈಮ್ ಸೆನ್ಸ್ ಇಲ್ಲ. ಈ ಮಾತನ್ನು ಹೇಳುವವರಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚು. ಶಾಲೆಯ ಪಾಠದಲ್ಲಿ ವಿಶ್ವೇಶ್ವರಯ್ಯನವರ ಸಮಯಪಾಲನೆಯನ್ನು ಓದಿ ಬೆಳೆದ ತಲೆಮಾರುಗಳು ಅದನ್ನು ಒಬ್ಬ ದೊಡ್ಡ ಮನುಷ್ಯನ ಗುಣವೆಂದು ಮೆಚ್ಚಿದವು, ಉಳಿದ ಕೋಟ್ಯಂತರ ಜನರ ಕೊರತೆಯೆಂದೂ ಒಪ್ಪಿಕೊಂಡವು. ಗಡಿಯಾರ ಬರುವ ಮೊದಲು ನಾವು ಹೊತ್ತಿನ ಹಂಗಿಲ್ಲದೆ ಬದುಕುತ್ತಿದ್ದೆವು, ಗಡಿಯಾರ ಬಂದ ಮೇಲೂ ಪೂರ್ತಿ ಕಲಿಯಲಿಲ್ಲ ಎಂಬ ಒಂದು ಚರಿತ್ರೆ ಈ ಮಾತಿನೊಳಗೆ ಅಡಗಿದೆ. ಆ ಚರಿತ್ರೆ ತಪ್ಪು. ಈ ನಾಡಿನಲ್ಲಿ ಹೊತ್ತಿನ ಲೆಕ್ಕ ಬಹಳ ಹಿಂದಿನಿಂದ ಇತ್ತು, ಸೂಕ್ಷ್ಮವಾಗಿಯೇ ಇತ್ತು. ಕಳೆದ ನೂರೈವತ್ತು ವರ್ಷಗಳಲ್ಲಿ ಬದಲಾದದ್ದು ಜನರ ಗುಣವಲ್ಲ. ಹೊತ್ತು ಎಷ್ಟಾಯಿತೆಂದು ಹೇಳುವ ಅಧಿಕಾರ ಯಾರದು, ಯಾರ ಕೆಲಸಕ್ಕಾಗಿ ಹೇಳುವುದು ಎಂಬುದು ಬದಲಾಯಿತು. ನಮ್ಮ ದಿನನಿತ್ಯದ ಅಭ್ಯಾಸಗಳನ್ನು ಅರ್ಥ ಮಾಡಿಕೊಳ್ಳಲು ಸ್ವಭಾವದ ಮಾತಿಗಿಂತ ಈ ಕೈಬದಲಾವಣೆಯ ಕಥೆಯೇ ಹೆಚ್ಚು ನೆರವಾಗುತ್ತದೆ.

ಒಂದು ಹಗಲು ಒಂದು ರಾತ್ರಿಗೆ 60 ಗಳಿಗೆ. ಒಂದು ಗಳಿಗೆಗೆ ಇಂದಿನ ಲೆಕ್ಕದಲ್ಲಿ 24 ನಿಮಿಷ. ಅದರ ಅರವತ್ತನೇ ಪಾಲು ವಿಗಳಿಗೆ, ಅಂದರೆ 24 ಸೆಕೆಂಡು. ಅದನ್ನು ಆರು ಪಾಲು ಮಾಡಿದರೆ ಸಿಗುವ 4 ಸೆಕೆಂಡಿನ ಅಳತೆಗೆ ಜ್ಯೋತಿಷದ ಗ್ರಂಥಗಳಲ್ಲಿ ಪ್ರಾಣವೆಂದು ಹೆಸರು. ಹತ್ತು ದೀರ್ಘಾಕ್ಷರಗಳನ್ನು ಉಚ್ಚರಿಸಲು ಹಿಡಿಯುವ ಕಾಲ ಅದು. ಅಳೆಯುವ ಸಾಧನ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಲೋಹದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಟ್ಟರೆ ಅದು ನಿಧಾನವಾಗಿ ತುಂಬಿ ಒಂದು ಗಳಿಗೆಗೆ ಮುಳುಗುತ್ತದೆ. ನೋಡುತ್ತಾ ಕುಳಿತವನು ಅದನ್ನೆತ್ತಿ ಮತ್ತೆ ತೇಲಿಬಿಡಬೇಕು. ಹದಿನಾರನೇ ಶತಮಾನದಲ್ಲಿ ಉತ್ತರದೇಶಕ್ಕೆ ಬಂದ ಬಾಬರ್ ತನ್ನ ಆತ್ಮಕಥೆಯಲ್ಲಿ ಇಲ್ಲಿನ ಅರವತ್ತು ಗಳಿಗೆಯ ಲೆಕ್ಕವನ್ನು ವಿವರಿಸಿ, ದೊಡ್ಡ ಊರುಗಳಲ್ಲಿ ಕಂಚಿನ ಜಾಗಟೆ ಬಾರಿಸಿ ಹೊತ್ತು ತಿಳಿಸುವ ನೌಕರರಿದ್ದರೆಂದು ಬರೆದಿದ್ದಾನೆ. ರಾತ್ರಿ ಎಚ್ಚರವಾದವರಿಗೆ ಯಾವ ಜಾವ ನಡೆದಿದೆಯೆಂದು ತಿಳಿಯದೆ ಹೋಗುತ್ತಿದ್ದುದರಿಂದ, ಗಳಿಗೆಯ ಪೆಟ್ಟುಗಳ ಬೆನ್ನಿಗೆ ಜಾವದ ಗುರುತನ್ನೂ ಹೊಡೆಯಬೇಕೆಂದು ತಾನೇ ಆಜ್ಞೆ ಮಾಡಿದನಂತೆ. ಹೊರಗಿನಿಂದ ಬಂದ ದೊರೆಗೆ ಇಲ್ಲಿ ಕಂಡದ್ದು ಹೊತ್ತಿನ ಅಜ್ಞಾನವಲ್ಲ, ಚೆನ್ನಾಗಿ ನಡೆಯುತ್ತಿದ್ದು ಸ್ವಲ್ಪ ತಿದ್ದುಪಡಿ ಬೇಕಾಗಿದ್ದ ಒಂದು ವ್ಯವಸ್ಥೆ.

ಇದೆಲ್ಲ ಜೋಯಿಸರ ವಿದ್ಯೆ, ಅರಮನೆ ದೇವಸ್ಥಾನಗಳ ಸೊತ್ತು, ನೇಗಿಲು ಹಿಡಿದವನಿಗೆ ಇದರಿಂದ ಏನಾಗಬೇಕಿತ್ತು ಎಂದು ಕೇಳಬಹುದು. ಗಳಿಗೆ ಬಟ್ಟಲು ಎಲ್ಲರ ಮನೆಯಲ್ಲಿ ಇರಲಿಲ್ಲ, ನಿಜ. ಆದರೆ ಹೊತ್ತಿನ ಲೆಕ್ಕಕ್ಕೆ ಬಟ್ಟಲೊಂದೇ ದಾರಿಯಲ್ಲ. ಒಕ್ಕಲುತನದವರು ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನಗಳ ಮಳೆ ನಕ್ಷತ್ರಗಳಾಗಿ ಒಡೆದು, ರೋಹಿಣಿಗೆ ಇದು, ಮೃಗಶಿರಕ್ಕೆ ಇದು, ಆರಿದ್ರೆಗೆ ಇದು ಎಂದು ಬಿತ್ತನೆ ಗೊತ್ತುಮಾಡಿಕೊಂಡಿದ್ದರು. ಚಾಂದ್ರಮಾನದ ತಿಥಿಗಳು ವರ್ಷದಿಂದ ವರ್ಷಕ್ಕೆ ಸರಿದಾಡುತ್ತವೆ, ಸೂರ್ಯನನ್ನು ನೆಚ್ಚಿದ ಮಳೆ ನಕ್ಷತ್ರ ಸರಿಯುವುದಿಲ್ಲ. ಹಬ್ಬಕ್ಕೆ ಒಂದು ಲೆಕ್ಕ, ಹೊಲಕ್ಕೆ ಇನ್ನೊಂದು ಎಂದು ಎರಡನ್ನೂ ಅಕ್ಷರ ಬಾರದವರು ಒಟ್ಟಿಗೆ ಬಳಸುತ್ತಿದ್ದರು. ವಾರದ ಎಣಿಕೆಗೆ ಸಂತೆ ಇತ್ತು. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆಗಳಲ್ಲಿ ವಾರದ ಹೆಸರೇ ಊರಿನ ಹೆಸರಾಗಿ ನಿಂತಿದೆ. ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಯಾರ ಸರದಿ ಹಗಲಿಗೆ, ಯಾರದು ರಾತ್ರಿಗೆ, ಯಾವಾಗ ಮಡೆ ಕಟ್ಟಬೇಕು ಎಂಬುದನ್ನು ತಪ್ಪಿಸುವಂತಿರಲಿಲ್ಲ. ತಪ್ಪಿಸಿದರೆ ಊರಲ್ಲಿ ಜಗಳವೇಳುತ್ತಿತ್ತು. ಮನೆಯೊಳಗೆ ಹೆಂಗಸರು ಕೊನೆಯ ಜಾವಕ್ಕೆ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಬೀಸುವ ಪದಗಳೆಂದು ನಾವು ಸಂಗ್ರಹಗಳಲ್ಲಿ ಓದುವ ತ್ರಿಪದಿಗಳು ಆ ಹೊತ್ತಿನಲ್ಲಿ ಹುಟ್ಟಿದವು. ಇಷ್ಟು ಪದಕ್ಕೆ ಇಷ್ಟು ಹಿಟ್ಟು ಎಂಬ ಅಂದಾಜು ಆ ಕೈಗಳಿಗಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಷ್ಟ ಹೋಯಿತು, ಅದು ಒಳ್ಳೆಯದೇ ಆಯಿತು. ಆದರೆ ಹೆಂಗಸರು ಏಳುವ ಹೊತ್ತು ಅದರಿಂದ ಮುಂದೆ ಸರಿಯಲಿಲ್ಲ. ಬಿಡುವಾದ ಆ ಜಾವವನ್ನು ಸ್ವಲ್ಪ ಸ್ವಲ್ಪವಾಗಿ ಶಾಲೆಯ ಗಂಟೆಯೂ ಬೆಳಗಿನ ಮೊದಲ ಬಸ್ಸೂ ತಮ್ಮದಾಗಿಸಿಕೊಂಡವು.

ಹಳೆಯ ಹೊತ್ತು ಹಿತವಾಗಿತ್ತು, ಸೂರ್ಯನೊಂದಿಗೆ ಏಳುವುದು ಮಲಗುವುದು ಸ್ವಾತಂತ್ರ್ಯವಾಗಿತ್ತು ಎಂದು ಇಷ್ಟರಿಂದ ತೀರ್ಮಾನಿಸುವವರಿದ್ದಾರೆ. ಗಡಿಯಾರವನ್ನು ಬೈಯುವ ಬರಹಗಳಲ್ಲಿ ಈ ಮಾತು ಹೆಚ್ಚು. ಇದನ್ನು ಒಪ್ಪಲಾಗದು. ಜೀತಕ್ಕಿದ್ದವನಿಗೆ ಸೂರ್ಯನ ಹೊತ್ತು ಎಂದರೆ ಕೋಳಿ ಕೂಗುವ ಮುಂಚೆ ಒಡೆಯನ ಕೊಟ್ಟಿಗೆಯಲ್ಲಿರುವುದು, ಕತ್ತಲಾದ ಮೇಲೂ ಅಲ್ಲಿಂದ ಹೋಗು ಎನ್ನುವವರೆಗೆ ಕಾಯುವುದು. ಅವನ ದುಡಿಮೆಗೆ ಆದಿಯೂ ಇರಲಿಲ್ಲ ಅಂತ್ಯವೂ ಇರಲಿಲ್ಲ, ಏಕೆಂದರೆ ಅದನ್ನು ಅಳೆಯುವ ಹಕ್ಕು ಅವನಿಗಿರಲಿಲ್ಲ. ಜೀತಪದ್ಧತಿಯನ್ನು ಕಾನೂನಿನಿಂದ ತೊಡೆದದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಕೈಗಡಿಯಾರಗಳು ತಯಾರಾಗುತ್ತಾ ಹದಿನೈದು ವರ್ಷ ಕಳೆದಿತ್ತು. ಆದ್ದರಿಂದ ಇದು ಒಳ್ಳೆಯ ಹಳತು ಕೆಟ್ಟ ಹೊಸತಿನ ಕಥೆಯಲ್ಲ. ಹೊತ್ತನ್ನು ಅಳೆಯಬಲ್ಲವನು ಒಬ್ಬ, ಆ ಅಳತೆಗೆ ತಕ್ಕಂತೆ ಮೈ ಬಗ್ಗಿಸುವವನು ಇನ್ನೊಬ್ಬ ಎಂಬ ಏರ್ಪಾಡು ಎರಡು ಕಾಲಕ್ಕೂ ಸೇರಿದ್ದು.

ಯಂತ್ರದ ಗಡಿಯಾರ ನಮ್ಮಲ್ಲಿಗೆ ಮೊದಲು ಅರಸರ ಬೆರಗಿನ ವಸ್ತುವಾಗಿ ಬಂತು. ಟಿಪ್ಪು ಸುಲ್ತಾನನು ಹೊರದೇಶಗಳಿಗೆ ರಾಯಭಾರಿಗಳನ್ನು ಅಟ್ಟಿದಾಗ ಗಾಜು, ಪಿಂಗಾಣಿ ಮಾಡುವವರ ಜೊತೆಗೆ ಗಡಿಯಾರ ಮಾಡುವ ಕುಶಲಿಗಳನ್ನೂ ಕಳಿಸಿಕೊಡಿ ಎಂದು ಕೇಳಿದ್ದ. ಅವನಿಗೆ ಬೇಕಾಗಿದ್ದುದು ಗಡಿಯಾರವೊಂದೇ ಅಲ್ಲ, ಅದನ್ನು ಇಲ್ಲಿಯೇ ಮಾಡುವ ವಿದ್ಯೆ. ಶತಮಾನದ ನಂತರ ಗಡಿಯಾರ ಅರಮನೆಯಿಂದ ಬೀದಿಗಿಳಿಯಿತು. ಮೈಸೂರಿನ ದೊಡ್ಡ ಗಡಿಯಾರ 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಎದ್ದು ನಿಂತದ್ದು. ಸುಮಾರು 75 ಅಡಿ ಎತ್ತರ, ಮುಖದ ಮೇಲೆ ಕನ್ನಡದ ಅಂಕಿಗಳು. ಹೊಸ ಹೊತ್ತನ್ನು ಊರಿನವರ ಲಿಪಿಯಲ್ಲಿ ಹೇಳಬೇಕೆಂದು ಯೋಚಿಸಿದವರ ಬಗ್ಗೆ ಗೌರವ ಮೂಡುತ್ತದೆ. ಮನೆಯಲ್ಲಿ ಗಡಿಯಾರವಿಲ್ಲದ ಸಾವಿರಾರು ಜನ ತಲೆಯೆತ್ತಿ ನೋಡಿದರೆ ಸಾಕಿತ್ತು. ಹೊತ್ತು ಆಗಲೂ ಸಾರ್ವಜನಿಕವಾಗಿಯೇ ಇತ್ತು, ಜಾಗಟೆಯ ಕಾಲದಲ್ಲಿ ಇದ್ದಂತೆ.

ಆದರೆ ದಿನದ ನಡೆಯನ್ನು ಬದಲಿಸಿದ್ದು ಗೋಪುರದ ಗಡಿಯಾರವಲ್ಲ, ರೈಲು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಬಂತು. ಮುಂದಿನ ಎರಡು ದಶಕಗಳಲ್ಲಿ ಮೈಸೂರು, ಹುಬ್ಬಳ್ಳಿಗಳೂ ಹಳಿಗೆ ಸೇರಿಕೊಂಡವು. ಅಲ್ಲಿಯವರೆಗೆ ಪ್ರತಿ ಊರಿನ ಮಧ್ಯಾಹ್ನ ಆ ಊರಿನ ನೆತ್ತಿಯ ಸೂರ್ಯನದಾಗಿತ್ತು. ಒಂದೇ ಹಳಿಯ ಮೇಲೆ ಎದುರುಬದುರು ಓಡುವ ಬಂಡಿಗಳಿಗೆ ಊರಿಗೊಂದು ಮಧ್ಯಾಹ್ನವಿದ್ದರೆ ಅಪಘಾತ ಖಂಡಿತ. ಹಾಗಾಗಿ 1870ರ ಸುಮಾರಿನಿಂದ ದೇಶದ ರೈಲುಗಳು ಮದ್ರಾಸಿನ ವೀಕ್ಷಣಾಲಯ ತಂತಿಯ ಮೂಲಕ ಕಳಿಸುತ್ತಿದ್ದ ಹೊತ್ತಿಗೆ ಓಡತೊಡಗಿದವು. ಧಾರವಾಡವನ್ನು ನೋಡಿ: ಅಲ್ಲಿನ ಸೂರ್ಯನಿಗಿಂತ ಮದ್ರಾಸಿನ ಗಡಿಯಾರ ಸುಮಾರು 21 ನಿಮಿಷ ಮುಂದೆ, ಜಿಲ್ಲೆಯನ್ನು ಆಳುತ್ತಿದ್ದ ಮುಂಬಯಿಯ ಗಡಿಯಾರ ಸುಮಾರು 9 ನಿಮಿಷ ಹಿಂದೆ. ಒಂದೇ ಊರಿಗೆ ಮೂರು ಹೊತ್ತು. ಸ್ಟೇಷನ್ನಿಗೆ ಬಹಳ ಮುಂಚೆ ಬಂದು ಗಂಟುಮೂಟೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಮೂರನೇ ದರ್ಜೆಯ ಪ್ರಯಾಣಿಕರನ್ನು ಹೊತ್ತಿನ ಬೆಲೆ ತಿಳಿಯದವರೆಂದು ಆ ಕಾಲದವರು ಹೀಗಳೆದರು. ತನ್ನದಲ್ಲದ, ತಾನು ಕಾಣಲಾಗದ ಹೊತ್ತಿಗೆ ಹೊರಡುವ ಬಂಡಿಯನ್ನು ಹಿಡಿಯಬೇಕಾದವನಿಗೆ ಅದಕ್ಕಿಂತ ವಿವೇಕದ ದಾರಿ ಬೇರೆ ಯಾವುದಿತ್ತು?

ಈ ಒಂದಾಗಿಸುವ ಕೆಲಸ ಸದ್ದಿಲ್ಲದೆ ನಡೆದದ್ದಲ್ಲ. 1881ರಲ್ಲಿ ಮುಂಬಯಿಯ ಗವರ್ನರ್ ಫರ್ಗುಸನ್ ಮದ್ರಾಸಿನ ಹೊತ್ತನ್ನು ನಗರದ ಮೇಲೆ ಹೇರಲು ಹೊರಟಾಗ ಊರೇ ತಿರುಗಿ ನಿಂತಿತು. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರ ಮುಂಬಯಿಯ ಹೊತ್ತನ್ನೇ ತೋರಿಸುವುದಾದರೆ ರಾತ್ರಿ ಅದರ ದೀಪಕ್ಕೆ ಹಣ ಕೊಡುವುದಿಲ್ಲವೆಂದು ಸರ್ಕಾರ ಹೇಳಿತು. ಗಡಿಯಾರ ಬಗ್ಗಲಿಲ್ಲ, 1883ರಲ್ಲಿ ಸರ್ಕಾರವೇ ಹಿಂದೆಗೆಯಿತು. 1906ರ ಜನವರಿ 1ರಂದು ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಹೊಸ ಪ್ರಮಾಣ ಸಮಯ ಜಾರಿಗೆ ಬಂದಾಗ ಮುಂಬಯಿಯ ಮುಳ್ಳುಗಳು 39 ನಿಮಿಷ ಮುಂದೆ ಹೋಗಬೇಕಾಯಿತು. ಆ ತಿಂಗಳು ಅಲ್ಲಿನ ಒಂದು ಹತ್ತಿಗಿರಣಿಯಲ್ಲಿ ಸಾವಿರಾರು ಕೂಲಿಗಳು ಮಗ್ಗ ನಿಲ್ಲಿಸಿ ಕಲ್ಲು ತೂರಿದರು. ಹೊಸ ಲೆಕ್ಕದಲ್ಲಿ ಗಿರಣಿ ಶುರುವಾಗುವುದೆಂದರೆ ನಸುಕಿನಲ್ಲಿ ಇನ್ನೂ 39 ನಿಮಿಷ ಮುಂಚೆ ಏಳುವುದು. ವಿದ್ಯಾವಂತರು ಊರಿನ ಮರ್ಯಾದೆಯ ಮಾತಾಡಿದರೆ ಕೂಲಿಗಳು ನಿದ್ದೆಯ ಮಾತಾಡಿದರು. ನಗರಸಭೆ ಸ್ವಾತಂತ್ರ್ಯ ಬರುವ ತನಕವೂ ಹಳೆಯ ಮುಂಬಯಿ ಹೊತ್ತನ್ನು ಬಿಟ್ಟುಕೊಡಲಿಲ್ಲ. ಇದನ್ನು ಬರಿಯ ಹಠವೆಂದು ತಳ್ಳಿಹಾಕುವ ಮೊದಲು ಒಂದನ್ನು ನೆನೆಯಬೇಕು. ಹೊತ್ತು ಅವರಿಗೆ ಬೇಡವಾಗಿದ್ದರೆ 39 ನಿಮಿಷಕ್ಕೆ ಯಾರೂ ಕಲ್ಲೆತ್ತುತ್ತಿರಲಿಲ್ಲ.

ದೇಶಕ್ಕೊಂದೇ ಹೊತ್ತು ಅನುಕೂಲವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ನಮ್ಮ ಸೂರ್ಯನ ಹೊತ್ತಲ್ಲ ಎಂಬುದನ್ನು ನಾವು ಪೂರ್ತಿ ಮರೆತಿದ್ದೇವೆ. ಪ್ರಮಾಣ ಸಮಯದ ರೇಖೆ 82.5 ಡಿಗ್ರಿ ಪೂರ್ವದಲ್ಲಿದೆ, ಕರ್ನಾಟಕ ಇಡಿಯಾಗಿ ಅದಕ್ಕೆ ಪಶ್ಚಿಮ. ಸರಾಸರಿ ಲೆಕ್ಕದಲ್ಲಿ ಕೋಲಾರದ ನೆತ್ತಿಗೆ ಸೂರ್ಯ ಬರುವುದು ಗಡಿಯಾರ ಹನ್ನೆರಡು ಹೊಡೆದು ಸುಮಾರು 17 ನಿಮಿಷಕ್ಕೆ, ಬೆಂಗಳೂರಿಗೆ 20 ನಿಮಿಷಕ್ಕೆ, ಮಂಗಳೂರಿಗೆ 31 ನಿಮಿಷಕ್ಕೆ. ಈ ಮರೆವಿಗೆ ಒಳ್ಳೆಯ ಸಾಕ್ಷಿ ಗೋಡೆಯ ಕ್ಯಾಲೆಂಡರಿನ ರಾಹುಕಾಲ. ಸೂರ್ಯ ಹುಟ್ಟಿ ಮುಳುಗುವವರೆಗಿನ ಹಗಲನ್ನು ಎಂಟು ಪಾಲು ಮಾಡಿ ಅದರಲ್ಲಿ ಒಂದನ್ನು ವಾರಕ್ಕೆ ತಕ್ಕಂತೆ ಬಿಡುವುದು ಅದರ ಮೂಲ ಲೆಕ್ಕ. ಸೋಮವಾರ ಎರಡನೆಯ ಪಾಲು. ಬೆಳಿಗ್ಗೆ ಆರಕ್ಕೆ ಸೂರ್ಯೋದಯ, ಸಂಜೆ ಆರಕ್ಕೆ ಅಸ್ತ ಎಂದು ಹಿಡಿದು ಸೋಮವಾರ 7.30ರಿಂದ 9 ಎಂದು ವರ್ಷವಿಡೀ ಒಂದೇ ಅಚ್ಚು ಹಾಕುತ್ತಾರೆ. ಮಂಗಳೂರಿನಲ್ಲಿ ಜನವರಿಯ ನಡುವೆ ಸೂರ್ಯ ಹುಟ್ಟುವುದೇ ಏಳಕ್ಕೆ ನಾಲ್ಕೈದು ನಿಮಿಷ ಇರುವಾಗ. ಅಲ್ಲಿ ಲೆಕ್ಕ ಹಾಕಿದರೆ ಆ ಸೋಮವಾರದ ರಾಹುಕಾಲ ಸುಮಾರು 8.20ಕ್ಕೆ ಶುರುವಾಗಿ 9.45 ದಾಟುತ್ತದೆ. ಅಚ್ಚಿನ ಹೊತ್ತಿಗೂ ಲೆಕ್ಕದ ಹೊತ್ತಿಗೂ ಮುಕ್ಕಾಲು ಗಂಟೆಗೂ ಮಿಕ್ಕ ಅಂತರ. ರಾಹುಕಾಲವನ್ನು ನಂಬಬೇಕೇ ಎಂಬುದು ಬೇರೆ ಮಾತು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಇಲ್ಲಿ ಗಮನಿಸಬೇಕಾದ್ದು, ತೀರಾ ಹಳತೆಂದು ನಾವು ಭಾವಿಸಿ ಪಾಲಿಸುವ ಆಚಾರವೂ ಕಾರ್ಖಾನೆಯ ಗಡಿಯಾರಕ್ಕೆ ಹೊಂದಿಕೊಂಡು ಬದಲಾಗಿದೆ ಎಂಬುದು. ಆಚರಿಸುವವರಲ್ಲಿ ಹೆಚ್ಚಿನವರಿಗೆ ಆ ಬದಲಾವಣೆ ಅರಿವಿಗೇ ಬಂದಿಲ್ಲ.

ಗಿರಣಿಗಳು ಮತ್ತು ಗಣಿಗಳು ಗಡಿಯಾರವನ್ನು ಮೈಗೆ ಇಳಿಸಿದವು. 1880ರ ದಶಕದಲ್ಲಿ ಗೋಕಾಕ ಫಾಲ್ಸಿನಲ್ಲೂ ಬೆಂಗಳೂರಿನಲ್ಲೂ ಬಟ್ಟೆಯ ಗಿರಣಿಗಳು ಎದ್ದವು. ಅದೇ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಹೊಸ ಬಂಡವಾಳ ಬಂತು. ಉತ್ತರದಲ್ಲಿ ಭೋಂಗಾ, ಬೆಂಗಳೂರಿನಲ್ಲಿ ಮಿಲ್ಲಿನ ಕೂಗು, ಕೆಜಿಎಫ್‌ನಲ್ಲಿ ಸೈರನ್ ಊರಿನ ದಿನವನ್ನು ಕತ್ತರಿಸಿದವು. ಕೆಲಸಕ್ಕೆ ಹೋಗದವರೂ ಆ ಕೂಗಿಗೆ ಒಲೆ ಹಚ್ಚುವ, ಮಕ್ಕಳನ್ನು ಎಬ್ಬಿಸುವ ರೂಢಿಗೆ ಬಿದ್ದರು. ಗಣಿಯ ಕಥೆ ಇನ್ನೂ ಕಠಿಣ. 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಸುರಂಗದಲ್ಲಿ ಹಗಲೂ ಇಲ್ಲ ರಾತ್ರಿಯೂ ಇಲ್ಲ, ಇರುವುದು ಪಾಳಿ ಮಾತ್ರ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅಲ್ಲಿಗೆ ವಿದ್ಯುತ್ ತಂದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೆಮ್ಮೆಪಡುವಂಥದ್ದೇ ಅದು. ಆದರೆ ದೀಪ ದುಡಿಮೆಯನ್ನು ಉದ್ದ ಮಾಡಿತು ಎಂಬ ಮಾತನ್ನೂ ಜೊತೆಗೆ ಹೇಳಬೇಕು. ಮುಂಬಯಿಯ ಗಿರಣಿಗಳಲ್ಲಿ ಅಲ್ಲಿಯ ತನಕ ಬೆಳಕು ಇರುವಷ್ಟು ಹೊತ್ತು ಕೆಲಸ. ಚಳಿಗಾಲದ ಹಗಲು ಗಿಡ್ಡವಾದರೆ ದುಡಿಮೆಯೂ ಗಿಡ್ಡ. 1905ರ ಸುಮಾರಿಗೆ ವಿದ್ಯುದ್ದೀಪಗಳು ಬಂದ ಮೇಲೆ ದಿನಕ್ಕೆ ಹದಿನಾಲ್ಕು ಗಂಟೆಯವರೆಗೂ ದುಡಿಸಿದರು. ಬ್ರಿಟಿಷ್ ಇಂಡಿಯಾದಲ್ಲಿ ಬಟ್ಟೆಗಿರಣಿಯ ವಯಸ್ಕ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಬಂದದ್ದು 1911ರ ಕಾನೂನಿನಿಂದ. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, ಸ್ವತಂತ್ರ ಭಾರತದ 1948ರ ಕಾಯ್ದೆಯಲ್ಲಿ 48. ಈ ಅಂಕಿಗಳು ಇಳಿದ ಬಗೆಯನ್ನು ನೋಡಿದರೆ ಗಡಿಯಾರ ಮಾಲೀಕನ ಕೈಯಿಂದ ಕೂಲಿಯವನ ಕೈಗೂ ದಾಟಿತೆಂಬುದು ತಿಳಿಯುತ್ತದೆ. ಜೀತಗಾರನಿಗೆ ಇಲ್ಲದಿದ್ದ ಅಸ್ತ್ರ ಅದು: ಇಷ್ಟು ಗಂಟೆ ನಿನ್ನದು, ಉಳಿದದ್ದು ನನ್ನದು ಎಂದು ಎಣಿಸಿ ಹೇಳುವ ಶಕ್ತಿ. ಭಾನುವಾರದ ರಜೆಯೂ ಹೀಗೆ ಕೇಳಿ ಪಡೆದದ್ದು. ನಾರಾಯಣ ಮೇಘಾಜಿ ಲೋಖಂಡೆ ಅವರ ನೇತೃತ್ವದಲ್ಲಿ ಹೋರಾಡಿದ ಗಿರಣಿ ಕಾರ್ಮಿಕರಿಗೆ ಮಾಲೀಕರು 1890ರಲ್ಲಿ ಅದನ್ನು ಒಪ್ಪಿದರು. ಭಾನುವಾರ ಖಂಡೋಬನ ವಾರವೆಂಬುದನ್ನೂ ಲೋಖಂಡೆ ಮುಂದಿಟ್ಟಿದ್ದರು. ನಮ್ಮ ಮೈಲಾರಲಿಂಗನ ಒಕ್ಕಲಿಗೂ ವಾರವೆಂದರೆ ಅದೇ. ಭಾನುವಾರದ ಬಿಡುವನ್ನು ಇಂಗ್ಲಿಷರ ಚರ್ಚಿನ ಬಳುವಳಿಯೆಂದಷ್ಟೇ ತಿಳಿದವರು ಈ ಹೋರಾಟವನ್ನು ಓದಬೇಕು.

ಗಡಿಯಾರ ಮನೆಮನೆಗೆ ಬಂದದ್ದು ಸ್ವಾತಂತ್ರ್ಯದ ನಂತರ. ಮೊದಲು ಬಂದದ್ದು ಕಿವಿಯ ಮೂಲಕ: 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಆಕಾಶವಾಣಿ ಕೇಂದ್ರಗಳು ಶುರುವಾದವು, ವಾರ್ತೆಯ ಮುಂಚಿನ ಟಿಕ್ ಟಿಕ್ ಸದ್ದಿಗೆ ಮುಳ್ಳು ಸರಿಮಾಡಿಕೊಳ್ಳುವುದು ಊರೂರಿನ ರೂಢಿಯಾಯಿತು. ಆಮೇಲೆ ಕೈಗೆ ಬಂತು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. 1978ರಲ್ಲಿ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂತು. ಜನತಾ, ಪೈಲಟ್, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಮದುವೆಯ ಉಡುಗೊರೆಯ, ಮೊದಲ ಸಂಬಳದ, ನಿವೃತ್ತಿಯ ಮಾತುಗಳಲ್ಲಿ ಬೆರೆತವು. ಕಣ್ಣು ಕಾಣದವರಿಗೆಂದು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ಗಡಿಯಾರವನ್ನೂ ಅದು ಮಾಡಿತು. ಬೆಳಿಗ್ಗೆ ಎದ್ದು ಕೀಲಿ ಕೊಡುವುದು ಹಲ್ಲುಜ್ಜುವಷ್ಟೇ ಸಹಜ ಅಭ್ಯಾಸವಾಯಿತು. ತಲೆಯೆತ್ತಿ ಗೋಪುರ ನೋಡುತ್ತಿದ್ದವರು ಈಗ ತಲೆ ತಗ್ಗಿಸಿ ಮಣಿಕಟ್ಟು ನೋಡತೊಡಗಿದರು, ಹೊತ್ತು ಮೊದಲ ಬಾರಿಗೆ ಸ್ವಂತದ್ದಾಯಿತು. ಟಿಪ್ಪುವಿನ ಕಾಲದ ಆಸೆ ಈಡೇರಿದ್ದು ಕರ್ನಾಟಕದ ಸಾರ್ವಜನಿಕ ಉದ್ಯಮವೊಂದರಲ್ಲಿ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕ್ವಾರ್ಟ್ಸ್ ಗಡಿಯಾರಗಳು ಬಂದ ಮೇಲೆ ಅದು ಹಿಂದೆ ಬಿತ್ತು, 2016ರಲ್ಲಿ ಕೇಂದ್ರ ಸಂಪುಟ ಮುಚ್ಚುವ ತೀರ್ಮಾನ ಮಾಡಿತು.

ಈಗ ಮೊದಲಿನ ಆಕ್ಷೇಪವನ್ನು ಎದುರಿಸಬೇಕು. ಕೈಗೆ ಗಡಿಯಾರ ಬಂದು ಎರಡು ತಲೆಮಾರು ಕಳೆದರೂ ಸಭೆಗಳು ತಡವಾಗಿಯೇ ಶುರುವಾಗುತ್ತವಲ್ಲ, ಇದು ಸ್ವಭಾವವಲ್ಲದೆ ಮತ್ತೇನು? ಆರತಕ್ಷತೆಗೆ ತಡವಾಗಿ ಬರುವ ಅದೇ ಜನ ಮುಹೂರ್ತದ ಹೊತ್ತಿಗೆ ಅಂತರಪಟ ಸರಿಯುವುದನ್ನು ನಿಮಿಷ ಎಣಿಸಿ ಕಾಯುತ್ತಾರೆ. ಅದಕ್ಕಿಂತ ಬಲವಾದ ಸಾಕ್ಷಿ ಹಳ್ಳಿಯ ಹಾಲಿನ ಡೈರಿಯಲ್ಲಿದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದಿಗೆ ಬೆಳೆಯತೊಡಗಿದ ಸಹಕಾರ ಸಂಘಗಳಿಗೆ ಲಕ್ಷಾಂತರ ಮನೆಯವರು ದಿನಕ್ಕೆರಡು ಬಾರಿ ಹಾಲು ಹಾಕುತ್ತಾರೆ. ಹಾಲಿನ ಗಾಡಿ ಬರುವ ಮುಂಚೆ ಕರೆದು, ತಂದು, ಸಾಲಿನಲ್ಲಿ ನಿಂತಿರಬೇಕು. ಹಬ್ಬಕ್ಕೂ ಸೂತಕಕ್ಕೂ ರಜೆಯಿಲ್ಲ. ಯಾರೂ ಅವರಿಗೆ ಸಮಯಪಾಲನೆಯ ಪಾಠ ಹೇಳಿಕೊಡಲಿಲ್ಲ. ಹಾಲು ಅವರದು, ತಡವಾದರೆ ಕೆಡುವುದು ಅವರದೇ ಹಾಲು, ಸಂಘದಲ್ಲಿ ಪಾಲೂ ಅವರದು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅದೇ ರೈತ ಕೂತಾಗ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಅವನ ದಿನಕ್ಕೆ ಬೆಲೆಯಿಲ್ಲ, ಕಾಯಿಸುವುದೇ ಹುದ್ದೆಯ ಗುರುತು. ಮುಖ್ಯ ಅತಿಥಿ ತಡವಾಗಿ ಬರುತ್ತಾರೆಂದು ತಿಳಿದವರು ಸಭೆಗೆ ತಡವಾಗಿ ಹೋಗುವುದು ಸೋಮಾರಿತನವಲ್ಲ, ಅನುಭವದಿಂದ ಬಂದ ಜಾಣತನ. ಶಿಸ್ತಿಲ್ಲದವರು ಎಲ್ಲೂ ಇರುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ವಿಶ್ವೇಶ್ವರಯ್ಯನವರ ಶಿಸ್ತನ್ನು ಕಿರಿದು ಮಾಡುವ ಇಚ್ಛೆಯೂ ಇಲ್ಲ. ಆದರೆ ಯಾರು ಯಾರನ್ನು ಕಾಯುತ್ತಾರೆ ಎಂದು ಕೇಳದೆ ಒಂದು ಜನಾಂಗದ ಗುಣವನ್ನು ಅಳೆಯುವುದು ಅನ್ಯಾಯ.

ಹೊತ್ತಿನ ಒತ್ತಡ ಒಂದು ಕಲೆಯ ಮೈಕಟ್ಟನ್ನೇ ಬದಲಿಸಿದ ಉದಾಹರಣೆ ಕರಾವಳಿಯ ಯಕ್ಷಗಾನ ಬಯಲಾಟ. ಊಟ ಮುಗಿದ ಮೇಲೆ ಚೆಂಡೆಯ ಸದ್ದಿಗೆ ಬಂದು ಸೇರುವ ಜನ, ಪೂರ್ವರಂಗ, ನಡುರಾತ್ರಿಗೆ ಏರುವ ಕಥೆ, ಬೆಳಗಿನ ಮಂಗಳ. ಆಟಕ್ಕೆ ರಾತ್ರಿಯೇ ಅಳತೆ. ನಿದ್ದೆ ಬಂದವರು ಅಲ್ಲೇ ಮಲಗಿ ಬೇಕಾದ ಪಾತ್ರ ಬಂದಾಗ ಏಳುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಮೇಳಗಳು ಒಂದೊಂದಾಗಿ ಕಾಲಮಿತಿಗೆ ಹೊರಳಿವೆ, ಸಂಜೆ ಶುರುವಾಗಿ ನಡುರಾತ್ರಿಯ ಒಳಗೆ ಮುಗಿಯುವ ಆಟಗಳಾಗಿವೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ ಒಂದು ಕಾರಣ, ಮರುದಿನ ಬೆಳಿಗ್ಗೆ ಕಚೇರಿಗೋ ಅಂಗಡಿಗೋ ಹೋಗಲೇಬೇಕಾದ ಪ್ರೇಕ್ಷಕರು ಇನ್ನೊಂದು. ಇದನ್ನು ಕಲೆಯ ಅವನತಿ ಎನ್ನುವವರಿದ್ದಾರೆ. ಕಲಾವಿದರಿಗೆ ನಿದ್ದೆ ಸಿಕ್ಕಿತು, ಹೆಂಗಸರು ಮಕ್ಕಳು ಹೆಚ್ಚು ಬರುವಂತಾಯಿತು, ಕಥೆ ಬಿಗಿಯಾಯಿತು ಎನ್ನುವವರೂ ಇದ್ದಾರೆ. ಎರಡನೆಯವರ ಮಾತಿನಲ್ಲಿ ತೂಕವಿದೆ, ಇಡೀ ಆರು ತಿಂಗಳು ರಾತ್ರಿಯೆಲ್ಲ ಕುಣಿದವನ ಆರೋಗ್ಯದ ಮುಂದೆ ಪ್ರೇಕ್ಷಕನ ಹಂಬಲ ದೊಡ್ಡದಲ್ಲ. ಹಾಗಿದ್ದರೂ ಕಳೆದುಹೋದದ್ದೊಂದಿದೆ. ನಿಧಾನವಾಗಿ ಬೆಳೆಯುವ ಅರ್ಥಗಾರಿಕೆಗೆ, ಸಣ್ಣ ವೇಷ ಹಾಕುವ ಕಲಿಕೆಯವರಿಗೆ ಉದ್ದದ ರಾತ್ರಿಯಲ್ಲಿ ಇದ್ದ ಜಾಗ ಕಾಲಮಿತಿಯಲ್ಲಿ ಇಲ್ಲ. ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಇನ್ನೂ ಕಲಿಯುತ್ತಿರುವವರ ಪಾಲಿಗೆ.

ಇಂದು ಹೊತ್ತು ಮತ್ತೆ ಸ್ವಂತದ್ದಲ್ಲ. ಮೊಬೈಲಿಗೆ ಯಾರೂ ಕೀಲಿ ಕೊಡಬೇಕಾಗಿಲ್ಲ, ಮುಳ್ಳು ಸರಿಮಾಡಬೇಕಾಗಿಲ್ಲ. ಜಾಲ ಹೇಳಿದ ಹೊತ್ತನ್ನು ಅದು ತೋರಿಸುತ್ತದೆ, ಎಲ್ಲರಿಗೂ ಒಂದೇ ಸೆಕೆಂಡು. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಜನ ಅಮೆರಿಕದ ಹಗಲಿಗೆ ದುಡಿದು ಇಲ್ಲಿಯ ಹಗಲಿನಲ್ಲಿ ಮಲಗುತ್ತಾರೆ. ಮದ್ರಾಸಿನ 21 ನಿಮಿಷಕ್ಕೆ ಧಾರವಾಡ ಹೊಂದಿಕೊಂಡದ್ದಕ್ಕಿಂತ ದೊಡ್ಡ ಹೊಂದಾಣಿಕೆ ಇದು, ಅದಕ್ಕಾಗಿ ಯಾವ ಆಜ್ಞೆಯೂ ಹೊರಡಲಿಲ್ಲ, ಸಂಬಳವೊಂದೇ ಸಾಕಾಯಿತು. ಕೆಲಸದ ಗಂಟೆಗಳ ಅಂಕಿ ಇಳಿಯುತ್ತಲೇ ಹೋಗುತ್ತದೆ ಎಂದು ನಂಬಿದ್ದವರು ಇತ್ತೀಚಿನ ಎರಡು ಸಂಗತಿಗಳನ್ನು ನೋಡಬೇಕು. 2023ರಲ್ಲಿ ಕರ್ನಾಟಕ ತನ್ನ ಕಾರ್ಖಾನೆ ಕಾನೂನಿಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟಿತು. ದಿನದ ಲೆಕ್ಕದಲ್ಲಿ ಅದು 1911ರ ಕಾನೂನು ಗಿರಣಿಯ ಗಂಡಾಳಿಗೆ ಗೊತ್ತುಮಾಡಿದ ಅದೇ ಅಂಕಿ. 2024ರಲ್ಲಿ ಐಟಿ ವಲಯದಲ್ಲಿ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆಗಳು ವಿರೋಧಿಸಿ ಬೀದಿಗಿಳಿದವು. ಲೋಖಂಡೆಯವರ ಜೊತೆ ನಿಂತ ಗಿರಣಿ ಕೂಲಿಗಳಲ್ಲಿ ಹೆಚ್ಚಿನವರು ಗಡಿಯಾರವನ್ನು ಕಂಡದ್ದು ಮಾಲೀಕನ ಗೋಡೆಯ ಮೇಲೆ ಮಾತ್ರ. ಬೆಂಗಳೂರಿನ ಈ ನೌಕರರ ಜೇಬಿನಲ್ಲಿ ಸೆಕೆಂಡೂ ತಪ್ಪದ ಗಡಿಯಾರವಿದೆ. ದುಡಿಮೆ ಯಾವ ಗಂಟೆಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಅವರು ಇನ್ನೂ ಕೇಳಿಯೇ ಪಡೆಯಬೇಕಾಗಿದೆ.